ತಂತ್ರಾಂಶ ಮೊದಲು, ಕಾರ್ಯಾಚರಣ ವ್ಯವಸ್ಥೆ ಅನಂತರ

ಲೆಕ್ಕ ಒಂದೇ, ಕ್ರಮವಿಧಿ ಒಂದೇ, ಅದಕ್ಕೆ ಉಣಿಸಿದ ಮಾಹಿತಿಯೂ ಒಂದೇ. ಆದರೆ ಬಂದ ಉತ್ತರ ಮಾತ್ರ ಮೂರು ಬಗೆ.

2019ರಲ್ಲಿ ಅಮೆರಿಕದ ಹವಾಯಿ ವಿಶ್ವವಿದ್ಯಾಲಯದ ರಸಾಯನವಿಜ್ಞಾನಿಗಳಿಗೆ ಎದುರಾದ ಒಗಟಿದು. ಸಯಾನೋಬ್ಯಾಕ್ಟೀರಿಯಾದಿಂದ ಬೇರ್ಪಡಿಸಿದ ಕೆಲವು ಸಂಯುಕ್ತಗಳ ರಚನೆಯನ್ನು ಅವರು ಖಚಿತಪಡಿಸಿಕೊಳ್ಳಬೇಕಿತ್ತು. ಅದಕ್ಕಾಗಿ 2014ರಲ್ಲಿ ಪ್ರಕಟವಾಗಿ ಬಳಕೆಗೆ ಬಂದಿದ್ದ, ಪೈಥಾನ್ ಭಾಷೆಯಲ್ಲಿ ಬರೆದ ಪುಟ್ಟ ಕ್ರಮವಿಧಿಗಳನ್ನು ಓಡಿಸಿದರು. ವಿಂಡೋಸ್ 10 ಮತ್ತು ಮ್ಯಾಕ್‌ನ ಮ್ಯಾವೆರಿಕ್ಸ್ ಆವೃತ್ತಿ ಇದ್ದ ಗಣಕಗಳು 173.2 ಎಂಬ ಉತ್ತರ ಕೊಟ್ಟವು. ಮ್ಯಾಕ್‌ನದೇ ಮೊಹಾವಿ ಆವೃತ್ತಿ 172.7 ಎಂದಿತು. ಉಬುಂಟು 16 ಇದ್ದ ಗಣಕ 172.4 ಎಂದಿತು.

ಇದಕ್ಕೆ ಕಾರಣ ಬಲು ಸಣ್ಣದು. ಕ್ರಮವಿಧಿಯು ಒಂದು ಕಡತಕೋಶದಲ್ಲಿದ್ದ ಕಡತಗಳನ್ನು ಒಂದೊಂದಾಗಿ ಎತ್ತಿಕೊಂಡು ಜೋಡಿ ಮಾಡುತ್ತಿತ್ತು. ಆ ಕಡತಗಳು ಹೆಸರಿನ ಕ್ರಮದಲ್ಲಿಯೇ ಕೈಗೆ ಬರುತ್ತವೆ ಎಂದು ಅದನ್ನು ಬರೆದವರು ನಂಬಿದ್ದರು. ಆದರೆ ಕಡತಗಳನ್ನು ಯಾವ ಸರದಿಯಲ್ಲಿ ಒದಗಿಸಬೇಕೆಂಬುದು ಪೈಥಾನ್‌ನ ತೀರ್ಮಾನವಲ್ಲ, ಗಣಕವನ್ನು ನಡೆಸುವ ಕಾರ್ಯಾಚರಣ ವ್ಯವಸ್ಥೆಯದು. ಕೆಲವು ವ್ಯವಸ್ಥೆಗಳಲ್ಲಿ ಸರದಿ ಸರಿಯಾಗಿ ಬಂತು, ಕೆಲವುಗಳಲ್ಲಿ ತಪ್ಪಿತು. ತಪ್ಪಿದ ಕಡೆ ಬೇರೆ ಬೇರೆ ಕಡತಗಳ ಅಂಕಿಗಳು ಒಂದರೊಡನೊಂದು ಬೆರೆತವು. ಗಣಕ ನಿಲ್ಲಲಿಲ್ಲ, ಎಚ್ಚರಿಕೆಯ ಸಂದೇಶವೂ ಮೂಡಲಿಲ್ಲ. ತಪ್ಪು ಉತ್ತರವೂ ಸರಿಯುತ್ತರದಷ್ಟೇ ಅಚ್ಚುಕಟ್ಟಾಗಿ ತೆರೆಯ ಮೇಲೆ ಬಂತು. ಈ ಸಂಗತಿ ಹೊರಬಿದ್ದಾಗ ನೂರಕ್ಕೂ ಹೆಚ್ಚು ಸಂಶೋಧನಾ ಪ್ರಬಂಧಗಳ ಮೇಲೆ ಇದರ ನೆರಳು ಬಿದ್ದಿರಬಹುದೆಂಬ ಆತಂಕ ವ್ಯಕ್ತವಾಯಿತು. ಕಡತಗಳನ್ನು ಮೊದಲು ಕ್ರಮವಾಗಿ ಜೋಡಿಸಿಕೊಳ್ಳುವಂತೆ ಮಾಡಿದ ಸಣ್ಣ ತಿದ್ದುಪಡಿಯಿಂದ ದೋಷ ಸರಿಹೋಯಿತು.

ಕಾರ್ಯಾಚರಣ ವ್ಯವಸ್ಥೆ ಎಂದರೆ ತಂತ್ರಾಂಶವನ್ನು ಇರಿಸಲು ಬೇಕಾದ ಒಂದು ಮೇಜು, ಅದು ಯಾವುದಾದರೇನು ಎಂಬುದು ಸಾಮಾನ್ಯ ಭಾವನೆ. ಪತ್ರ ಬೆರಳಚ್ಚು ಮಾಡುವವರಿಗೆ ಈ ಭಾವನೆಯಿಂದ ಹೆಚ್ಚಿನ ನಷ್ಟವಿಲ್ಲ. ಆದರೆ ವಿಜ್ಞಾನದ ಲೆಕ್ಕಾಚಾರ ಮಾಡುವವರಿಗೆ ಕಾರ್ಯಾಚರಣ ವ್ಯವಸ್ಥೆ ಮೇಜಲ್ಲ. ತಕ್ಕಡಿಯ ಒಂದು ತಟ್ಟೆ. ಆದ್ದರಿಂದಲೇ ಅದರ ಆವೃತ್ತಿಯ ಆಯ್ಕೆಯೂ ಪ್ರಯೋಗದ ಒಂದು ಭಾಗ.

ಮಿದುಳಿನ ಅಳತೆಯಲ್ಲೂ ವ್ಯತ್ಯಾಸ

ಹವಾಯಿಯ ಪ್ರಕರಣದಲ್ಲಿ ಇದ್ದುದು ಕ್ರಮವಿಧಿಯ ದೋಷ. ಅಂಥ ದೋಷವೇನೂ ಕಣ್ಣಿಗೆ ಬೀಳದ ಕಡೆಯೂ ಫಲಿತಾಂಶ ಬದಲಾದ ಉದಾಹರಣೆಯಿದೆ. ಎಂಆರ್‌ಐ ಚಿತ್ರಗಳಿಂದ ಮಿದುಳಿನ ಭಾಗಗಳ ಗಾತ್ರವನ್ನೂ ಅದರ ಹೊರಪದರದ ದಪ್ಪವನ್ನೂ ಅಳೆಯಲು ಫ್ರೀಸರ್ಫರ್ ಎಂಬ ತಂತ್ರಾಂಶ ಜಗತ್ತಿನ ಅನೇಕ ಪ್ರಯೋಗಾಲಯಗಳಲ್ಲಿ ಬಳಕೆಯಲ್ಲಿದೆ. ನೆದರ್‌ಲ್ಯಾಂಡ್ಸ್‌ನ ಮಾಸ್ಟ್ರಿಕ್ಟ್ ವಿಶ್ವವಿದ್ಯಾಲಯದ ಸಂಶೋಧಕರು ಅದೇ ಚಿತ್ರಗಳನ್ನು ಈ ತಂತ್ರಾಂಶದ ಬೇರೆ ಬೇರೆ ಆವೃತ್ತಿಗಳಲ್ಲಿ, ಬೇರೆ ಬೇರೆ ಗಣಕಗಳಲ್ಲಿ ಅಳೆದು 2012ರಲ್ಲಿ ವರದಿ ಪ್ರಕಟಿಸಿದರು.

ತಂತ್ರಾಂಶದ ಆವೃತ್ತಿ ಬದಲಾದಾಗ ಮಿದುಳಿನ ಭಾಗಗಳ ಗಾತ್ರದಲ್ಲಿ ಸರಾಸರಿ ಶೇ. 8.8ರಷ್ಟು ವ್ಯತ್ಯಾಸ ಕಂಡುಬಂತು. ಅದು ಒಂದು ಮಟ್ಟಿಗೆ ನಿರೀಕ್ಷಿತವೇ. ಅಚ್ಚರಿಯ ಮಾತು ಮುಂದಿನದು. ತಂತ್ರಾಂಶವನ್ನು ಹಾಗೆಯೇ ಉಳಿಸಿ, ಮ್ಯಾಕ್‌ನ ಕಾರ್ಯಾಚರಣ ವ್ಯವಸ್ಥೆಯನ್ನು 10.5ರಿಂದ 10.6ಕ್ಕೆ ಬದಲಿಸಿದಾಗಲೂ ಅದರ ಸುಮಾರು ಅರ್ಧದಷ್ಟು ವ್ಯತ್ಯಾಸ ಬಂದಿತು. ಮುಪ್ಪಿನ ಮರೆವಿನ ಕಾಯಿಲೆಯಂತಹ ಸಂದರ್ಭಗಳಲ್ಲಿ ಮಿದುಳು ವರ್ಷ ವರ್ಷಕ್ಕೆ ಎಷ್ಟು ಕುಗ್ಗಿತು ಎಂದು ಅಳೆಯುವವರು ಹುಡುಕುವುದೂ ಇಂಥ ಸಣ್ಣ ವ್ಯತ್ಯಾಸಗಳನ್ನೇ. ಮೊದಲ ವರ್ಷದ ಚಿತ್ರವನ್ನು ಒಂದು ಆವೃತ್ತಿಯಲ್ಲಿ, ಮೂರನೆಯ ವರ್ಷದ ಚಿತ್ರವನ್ನು ಇನ್ನೊಂದರಲ್ಲಿ ಅಳೆದರೆ ಕುಗ್ಗಿದ್ದು ರೋಗಿಯ ಮಿದುಳೋ, ಬದಲಾದದ್ದು ಗಣಕವೋ ಎಂದು ಹೇಳುವವರು ಯಾರು?

ಹೀಗಾಗುವುದಕ್ಕೂ ಕಾರಣವಿದೆ. ಗಣಕದಲ್ಲಿ ದಶಮಾಂಶ ಸಂಖ್ಯೆಗಳಿಗೆ ದೊರೆಯುವ ಸ್ಥಾನಗಳು ಸೀಮಿತ. ಆದ್ದರಿಂದ ಪ್ರತಿ ಗುಣಾಕಾರ, ಭಾಗಾಕಾರದ ಕೊನೆಗೂ ಉತ್ತರವನ್ನು ಎಲ್ಲಿಯೋ ಒಂದು ಕಡೆ ಕತ್ತರಿಸಬೇಕಾಗುತ್ತದೆ. ಘಾತ, ಲಾಗರಿತಮ್, ಸೈನ್ ಮೊದಲಾದ ಬೆಲೆಗಳನ್ನು ಒದಗಿಸುವುದು ಬಹುಮಟ್ಟಿಗೆ ಕಾರ್ಯಾಚರಣ ವ್ಯವಸ್ಥೆಯೊಡನೆ ಬರುವ ಗಣಿತದ ಲೈಬ್ರರಿ. ಹೊಸ ಆವೃತ್ತಿಯಲ್ಲಿ ಆ ಲೈಬ್ರರಿ ಸುಧಾರಿಸಿದರೆ ಕೊನೆಯ ಅಂಕಿ ಬದಲಾಗಬಹುದು. ಒಂದು ಸಲದ ಲೆಕ್ಕದಲ್ಲಿ ಅದು ನಗಣ್ಯ. ಹಿಂದಿನ ಉತ್ತರವನ್ನೇ ಮುಂದಿನ ಹೆಜ್ಜೆಗೆ ಆಧಾರವಾಗಿಸಿ ಸಾವಿರಾರು ಸಲ ಲೆಕ್ಕ ನಡೆಯುವಾಗ ಹನಿಗೂಡಿ ಹಳ್ಳವಾಗುತ್ತದೆ.

ತೊಡಕು ಹುಟ್ಟುವ ನಾಲ್ಕು ಜಾಗ

ಉತ್ತರ ಬದಲಾಗುವುದು ಕಣ್ಣಿಗೆ ಕಾಣದ ತೊಂದರೆ. ತಂತ್ರಾಂಶ ಓಡದೆಯೇ ಇರುವುದು ಕಣ್ಣಿಗೆ ಕಾಣುವ ತೊಂದರೆ. ಈ ಎರಡನೆಯದು ಸಾಮಾನ್ಯವಾಗಿ ನಾಲ್ಕು ಜಾಗಗಳಲ್ಲಿ ತಲೆದೋರುತ್ತದೆ.

ಮೊದಲನೆಯದು ಮೂಲ ಲೈಬ್ರರಿ. ಲಿನಕ್ಸ್‌ನ ಬಹುತೇಕ ಆವೃತ್ತಿಗಳ ತಳದಲ್ಲಿ ಗ್ಲಿಬ್‌ಸಿ ಎಂಬ ಲೈಬ್ರರಿಯಿದೆ. ಸೆಂಟ್ಒಎಸ್ 7ರಲ್ಲಿ ಅದರ 2.17ನೆಯ ಆವೃತ್ತಿ, ರೆಡ್ ಹ್ಯಾಟ್ 8ರಲ್ಲಿ 2.28, ರೆಡ್ ಹ್ಯಾಟ್ 9ರಲ್ಲಿ 2.34, ಉಬುಂಟು 24.04ರಲ್ಲಿ 2.39 ಇವೆ. ಹಳೆಯ ಗ್ಲಿಬ್‌ಸಿಗೆಂದು ಸಿದ್ಧಪಡಿಸಿದ ತಂತ್ರಾಂಶ ಹೊಸದರ ಮೇಲೆ ಸಾಮಾನ್ಯವಾಗಿ ಓಡುತ್ತದೆ. ಹೊಸದಕ್ಕೆಂದು ಸಿದ್ಧಪಡಿಸಿದ್ದು ಹಳೆಯದರ ಮೇಲೆ ಓಡುವುದಿಲ್ಲ. 2024ರ ಆರಂಭದಲ್ಲಿ ವಿಎಸ್ ಕೋಡ್ ಎಂಬ ಜನಪ್ರಿಯ ತಂತ್ರಾಂಶದ 1.86ನೆಯ ಆವೃತ್ತಿ ಬಂದಾಗ ಇದರ ಬಿಸಿ ಅನೇಕರಿಗೆ ತಟ್ಟಿತು. ದೂರದ ಗಣಕಕ್ಕೆ ಸಂಪರ್ಕ ಪಡೆಯಲು ಅಲ್ಲಿ ಗ್ಲಿಬ್‌ಸಿ 2.28 ಇರಲೇಬೇಕು ಎಂಬ ನಿಯಮ ಅದರೊಡನೆ ಬಂತು. ಸೆಂಟ್ಒಎಸ್ 7, ಉಬುಂಟು 18.04ರಂತಹ ವ್ಯವಸ್ಥೆಗಳಿದ್ದ ಸರ್ವರ್‌ಗಳಿಗೆ ಹಿಂದಿನ ದಿನದವರೆಗೂ ಸಿಗುತ್ತಿದ್ದ ಸಂಪರ್ಕ ಮರುದಿನ ಸಿಗದಾಯಿತು. ಬಳಕೆದಾರರ ಒತ್ತಾಯದ ಬಳಿಕ ತಯಾರಕರು ಕೆಲಕಾಲದ ರಿಯಾಯಿತಿ ನೀಡಿದರು.

ಎರಡನೆಯದು ಪ್ರೊಸೆಸರ್. 2022ರ ರೆಡ್ ಹ್ಯಾಟ್ 9 ತೀರ ಹಳೆಯ ಪ್ರೊಸೆಸರ್‌ಗಳನ್ನು ಕೈಬಿಟ್ಟಿತು. 2025ರಲ್ಲಿ ಬಂದ ರೆಡ್ ಹ್ಯಾಟ್ 10 ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಇಂಟೆಲ್ ಕಂಪನಿ 2013ರಲ್ಲಿ ಹೊರತಂದ ಹ್ಯಾಸ್‌ವೆಲ್ ಪೀಳಿಗೆಯ ಮಟ್ಟದ ಸೌಲಭ್ಯಗಳನ್ನು ಬೇಡುತ್ತದೆ. ಕಾಲೇಜಿನ ಪ್ರಯೋಗಾಲಯದ ಮೂಲೆಯಲ್ಲಿ ಇನ್ನೂ ದುಡಿಯುತ್ತಿರುವ ಹಳೆಯ ಗಣಕಕ್ಕೆ ಹೊಸ ಆವೃತ್ತಿ ಹಾಕುವ ಮೊದಲು ಇದನ್ನು ನೋಡಿಕೊಳ್ಳಬೇಕು. ಮ್ಯಾಕ್ ಬಳಸುವವರು 2019ರಲ್ಲಿ ಇಂಥದೇ ಪೆಟ್ಟು ತಿಂದರು. ಆ ವರ್ಷದ ಕ್ಯಾಟಲಿನಾ ಆವೃತ್ತಿಯು 32 ಬಿಟ್‌ನ ಎಲ್ಲ ತಂತ್ರಾಂಶಗಳಿಗೂ ಬಾಗಿಲು ಮುಚ್ಚಿತು.

ಮೂರನೆಯದು ಚಾಲಕ ತಂತ್ರಾಂಶ, ಎಂದರೆ ಡ್ರೈವರ್. ಸೂಕ್ಷ್ಮದರ್ಶಕ, ವರ್ಣಪಟಲಮಾಪಕ, ಗ್ರಾಫಿಕ್ಸ್ ಕಾರ್ಡ್ ಮೊದಲಾದವುಗಳೊಡನೆ ಗಣಕ ಮಾತನಾಡುವುದು ಇದರ ಮೂಲಕ. ಉಪಕರಣದ ತಯಾರಕರು ಹೊಸ ಕಾರ್ಯಾಚರಣ ವ್ಯವಸ್ಥೆಗೆ ಡ್ರೈವರ್ ಬರೆದುಕೊಡದಿದ್ದರೆ ಲಕ್ಷಾಂತರ ರೂಪಾಯಿಯ ಉಪಕರಣ ಮೂಕವಾಗುತ್ತದೆ.

ನಾಲ್ಕನೆಯದು ಭಾಷೆಯ ಆವೃತ್ತಿ. ಪೈಥಾನ್ 2ಕ್ಕೆ ಸಿಗುತ್ತಿದ್ದ ಬೆಂಬಲ 2020ರ ಜನವರಿ 1ಕ್ಕೆ ಕೊನೆಗೊಂಡಿತು. ಬಳಿಕ ಬಂದ ಕಾರ್ಯಾಚರಣ ವ್ಯವಸ್ಥೆಗಳು ಅದನ್ನು ಒಂದೊಂದಾಗಿ ಕೈಬಿಟ್ಟವು. ಪೈಥಾನ್ 2ರಲ್ಲಿ ಬರೆದ ಹಳೆಯ ಕ್ರಮವಿಧಿಗಳು ಪೈಥಾನ್ 3ರಲ್ಲಿ ತಿದ್ದುಪಡಿಯಿಲ್ಲದೆ ಓಡುವುದು ಅಪರೂಪ.

ಆಯ್ಕೆ ಎಲ್ಲಿಂದ ಶುರುವಾಗಬೇಕು?

ಗಣಕ ಕೊಳ್ಳುವುದು, ಅದರಲ್ಲಿರುವ ಕಾರ್ಯಾಚರಣ ವ್ಯವಸ್ಥೆಯನ್ನು ಒಪ್ಪಿಕೊಳ್ಳುವುದು, ಆಮೇಲೆ ತಂತ್ರಾಂಶ ಹಾಕಲು ಹೆಣಗುವುದು: ಹೆಚ್ಚಿನವರು ಅನುಸರಿಸುವ ದಾರಿಯಿದು. ಇದು ಚಪ್ಪಲಿಗೆ ತಕ್ಕಂತೆ ಕಾಲನ್ನು ಕತ್ತರಿಸಿಕೊಂಡಂತೆ. ಸರಿಯಾದ ದಾರಿ ಇದಕ್ಕೆ ತಿರುಗುಮುರುಗು. ಮೊದಲು, ಕೆಲಸಕ್ಕೆ ಅನಿವಾರ್ಯವಾದ ತಂತ್ರಾಂಶಗಳ ಪಟ್ಟಿಯನ್ನು ಆವೃತ್ತಿಯ ಸಂಖ್ಯೆ ಸಹಿತ ಬರೆದುಕೊಳ್ಳಬೇಕು. ಪ್ರತಿಯೊಂದರ ತಯಾರಕರೂ ಅದನ್ನು ಯಾವ ಯಾವ ಕಾರ್ಯಾಚರಣ ವ್ಯವಸ್ಥೆಗಳ ಮೇಲೆ ಪರೀಕ್ಷಿಸಿದ್ದಾರೆ ಎಂಬುದನ್ನು ಅದರ ಪಕ್ಕದಲ್ಲಿ ಬರೆಯಬೇಕು. ಎಲ್ಲ ಸಾಲುಗಳಲ್ಲಿಯೂ ಸಮಾನವಾಗಿ ಕಾಣಿಸುವ ಹೆಸರೇ ಆಯ್ಕೆ.

ಇಂಥ ಪಟ್ಟಿಗಳು ಸಿಗುವುದು ಕಷ್ಟವೇನಲ್ಲ. ಮ್ಯಾಟ್‌ಲ್ಯಾಬ್ ತನ್ನ ಪ್ರತಿ ಆವೃತ್ತಿಗೂ ಬೇಕಾದ ಕಾರ್ಯಾಚರಣ ವ್ಯವಸ್ಥೆಗಳ ಪಟ್ಟಿಯನ್ನು ಪ್ರಕಟಿಸುತ್ತದೆ. ರೋಬಾಟ್‌ಗಳ ಸಂಶೋಧನೆಯಲ್ಲಿ ಬಳಕೆಯಾಗುವ ರಾಸ್ ಎಂಬ ತಂತ್ರಾಂಶದ್ದು ಇನ್ನೂ ಖಚಿತವಾದ ಜೋಡಿ. ಅದರ ನೊಯೆಟಿಕ್ ಆವೃತ್ತಿಗೆ ಉಬುಂಟು 20.04, ಹಂಬಲ್ ಆವೃತ್ತಿಗೆ 22.04, ಜಾಝಿ ಆವೃತ್ತಿಗೆ 24.04. ಜೋಡಿ ತಪ್ಪಿಸಿದರೆ ಸಿದ್ಧಪಡಿಸಿದ ಪೊಟ್ಟಣಗಳು ಸಿಗುವುದಿಲ್ಲ. ಮೂಲ ಸಂಕೇತದಿಂದ ತಾವೇ ಕಟ್ಟಿಕೊಳ್ಳಬೇಕಾಗುತ್ತದೆ.

‘ಇದರ ಮೇಲೆ ಓಡುತ್ತದೆ’ ಎಂಬ ಮಾತಿಗೂ ‘ಇದರ ಮೇಲೆ ಪರೀಕ್ಷಿಸಲಾಗಿದೆ’ ಎಂಬ ಮಾತಿಗೂ ಅಂತರವಿದೆ ಎಂಬುದನ್ನು ಮರೆಯಬಾರದು. ಹವಾಯಿಯ ಉಬುಂಟು ಗಣಕದಲ್ಲಿಯೂ ಆ ಕ್ರಮವಿಧಿ ಓಡಿತ್ತು. ಬಹುತೇಕ ತಂತ್ರಾಂಶಗಳ ಜೊತೆ ಉತ್ತರ ಗೊತ್ತಿರುವ ಮಾದರಿ ಲೆಕ್ಕಗಳು ಬರುತ್ತವೆ. ಹೊಸ ವ್ಯವಸ್ಥೆಯಲ್ಲಿ ಅವನ್ನು ಮೊದಲು ಮಾಡಿಸಿ, ಅಂಕಿ ಅಂಕಿಯನ್ನು ತಾಳೆ ನೋಡಿದ ಮೇಲಷ್ಟೇ ಸ್ವಂತ ಮಾಹಿತಿಯನ್ನು ಉಣಿಸುವುದು ಕ್ಷೇಮ.

ಆಯುಷ್ಯದ ಲೆಕ್ಕ

ಹೊಂದಾಣಿಕೆಯ ಜೊತೆಗೆ ನೋಡಬೇಕಾದ ಇನ್ನೊಂದು ಸಂಗತಿ, ಆ ಆವೃತ್ತಿ ಎಷ್ಟು ಕಾಲ ಬಾಳುತ್ತದೆ ಎಂಬುದು. ಉಬುಂಟುವಿನ ದೀರ್ಘಾವಧಿ ಆವೃತ್ತಿಗಳು ಎರಡು ವರ್ಷಗಳಿಗೊಮ್ಮೆ ಏಪ್ರಿಲ್ ತಿಂಗಳಲ್ಲಿ ಬರುತ್ತವೆ. 24.04 ಎಂದರೆ 2024ರ ನಾಲ್ಕನೆಯ ತಿಂಗಳು. ಇವುಗಳಿಗೆ ಐದು ವರ್ಷ ಭದ್ರತಾ ತಿದ್ದುಪಡಿಗಳು ದೊರೆಯುತ್ತವೆ. ನಡುನಡುವೆ ಬರುವ ಆವೃತ್ತಿಗಳಿಗೆ ದೊರೆಯುವುದು ಒಂಬತ್ತೇ ತಿಂಗಳು. ಡಾಕ್ಟರೇಟ್ ಪದವಿಗೆ ನಾಲ್ಕೈದು ವರ್ಷ ದುಡಿಯುವ ವಿದ್ಯಾರ್ಥಿ ಒಂಬತ್ತು ತಿಂಗಳ ಆವೃತ್ತಿಯನ್ನು ಆರಿಸಿಕೊಂಡರೆ ಪ್ರಬಂಧ ಮುಗಿಯುವುದರೊಳಗೆ ಹಲವು ಸಲ ಮನೆ ಬದಲಿಸಬೇಕಾಗುತ್ತದೆ.

ಆದರೆ ಭರವಸೆಯ ಆಯುಷ್ಯವೂ ಮಾರ್ಪಡಬಹುದು. ಅಮೆರಿಕದ ಫರ್ಮಿ ಪ್ರಯೋಗಾಲಯ ಮತ್ತು ಯುರೋಪಿನ ಸರ್ನ್ ಸೇರಿ 2004ರಲ್ಲಿ ‘ಸೈಂಟಿಫಿಕ್ ಲಿನಕ್ಸ್’ ಎಂಬ ವ್ಯವಸ್ಥೆಯನ್ನೇ ರೂಪಿಸಿದ್ದವು. ಕಣ ಭೌತವಿಜ್ಞಾನದ ಪ್ರಯೋಗಗಳೆಲ್ಲವೂ ಒಂದೇ ನೆಲೆಗಟ್ಟಿನ ಮೇಲೆ ಲೆಕ್ಕ ಮಾಡಲಿ ಎಂಬುದು ಉದ್ದೇಶ. ರೆಡ್ ಹ್ಯಾಟ್‌ನ ಮೂಲ ಸಂಕೇತದಿಂದಲೇ ಅದನ್ನು ಕಟ್ಟಲಾಗುತ್ತಿತ್ತು. ಅದೇ ಮೂಲದಿಂದ ಕಟ್ಟಿದ ಸೆಂಟ್ಒಎಸ್ ಚೆನ್ನಾಗಿ ನಡೆಯುತ್ತಿರುವಾಗ ಪ್ರತ್ಯೇಕ ಶ್ರಮವೇಕೆ ಎಂದು, 8ನೆಯ ಆವೃತ್ತಿ ಹೊರತರುವುದಿಲ್ಲವೆಂದು 2019ರಲ್ಲಿ ಫರ್ಮಿ ಪ್ರಯೋಗಾಲಯ ಪ್ರಕಟಿಸಿತು. ಮರುವರ್ಷದ ಡಿಸೆಂಬರ್‌ನಲ್ಲಿ ಪರಿಸ್ಥಿತಿ ತಲೆಕೆಳಗಾಯಿತು. 2029ರವರೆಗೆ ಬಾಳಬೇಕಿದ್ದ ಸೆಂಟ್ಒಎಸ್ 8ಕ್ಕೆ 2021ರ ಕೊನೆಯಲ್ಲೇ ಮಂಗಳ ಹಾಡುವುದಾಗಿ ಘೋಷಣೆ ಹೊರಬಿತ್ತು.

ಆ ಖಾಲಿ ಜಾಗವನ್ನು ತುಂಬಲು 2021ರಲ್ಲಿ ಆಲ್ಮಾ ಲಿನಕ್ಸ್ ಮತ್ತು ರಾಕಿ ಲಿನಕ್ಸ್ ಹುಟ್ಟಿಕೊಂಡವು. 2022ರ ಡಿಸೆಂಬರ್‌ನಲ್ಲಿ ಸರ್ನ್ ಮತ್ತು ಫರ್ಮಿ ಪ್ರಯೋಗಾಲಯಗಳು ಆಲ್ಮಾ ಲಿನಕ್ಸ್ ಬಳಸುವಂತೆ ತಮ್ಮ ಪ್ರಯೋಗಗಳಿಗೆ ಜಂಟಿಯಾಗಿ ಸಲಹೆಯಿತ್ತವು. ಸೆಂಟ್ಒಎಸ್ 7 ಮತ್ತು ಸೈಂಟಿಫಿಕ್ ಲಿನಕ್ಸ್ 7 ಎರಡೂ 2024ರ ಜೂನ್ 30ರಂದು ನಿವೃತ್ತವಾದವು. ಇದರಲ್ಲಿ ಒಂದು ಪಾಠವಿದೆ. ಒಂದೇ ಮೂಲದಿಂದ ಹುಟ್ಟಿದ ವ್ಯವಸ್ಥೆಗಳ ಕುಟುಂಬ ದೊಡ್ಡದಿದ್ದರೆ, ಅದರಲ್ಲಿ ಒಬ್ಬರು ಬಾಗಿಲು ಮುಚ್ಚಿದರೂ ತಂತ್ರಾಂಶ ಬೀದಿಗೆ ಬೀಳುವುದಿಲ್ಲ. ನೆಂಟರ ಮನೆಯಲ್ಲಿ ಆಶ್ರಯ ಸಿಗುತ್ತದೆ.

ಹಳೆಯದು ಅನಿವಾರ್ಯವಾದಾಗ

ವಿಂಡೋಸ್ ಎಕ್ಸ್‌ಪಿಗೆ 2014ರ ಏಪ್ರಿಲ್‌ನಲ್ಲಿ, ವಿಂಡೋಸ್ 7ಕ್ಕೆ 2020ರ ಜನವರಿಯಲ್ಲಿ, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಸಾಮಾನ್ಯ ಬೆಂಬಲ ನಿಂತಿತು. ಆದರೂ ಇವುಗಳನ್ನೇ ನಂಬಿದ ಉಪಕರಣಗಳು ಪ್ರಯೋಗಾಲಯಗಳಲ್ಲಿ ಉಳಿದುಕೊಂಡಿರುತ್ತವೆ. ಉಪಕರಣ ಗಟ್ಟಿಮುಟ್ಟಾಗಿದೆ, ಅದರ ಡ್ರೈವರ್ ಮಾತ್ರ ಹಳೆಯ ವ್ಯವಸ್ಥೆಯನ್ನು ಬಿಟ್ಟು ಬರುವುದಿಲ್ಲ. ಇಂಥಲ್ಲಿ ಹಳೆಯದನ್ನು ಉಳಿಸಿಕೊಳ್ಳುವುದು ತಪ್ಪಲ್ಲ. ಅದನ್ನು ಅಂತರಜಾಲಕ್ಕೆ ತೆರೆದಿಡುವುದು ತಪ್ಪು. ಭದ್ರತಾ ತಿದ್ದುಪಡಿ ಬಾರದ ಗಣಕವನ್ನು ಜಾಲದಿಂದ ಬೇರ್ಪಡಿಸಿ ಉಪಕರಣ ನಡೆಸುವುದಕ್ಕೆ ಮಾತ್ರ ಮೀಸಲಿಡಬೇಕು. ದತ್ತಾಂಶದ ವಿಶ್ಲೇಷಣೆಯನ್ನು ಬೇರೆ ಗಣಕದಲ್ಲಿ ಮಾಡಬೇಕು. ಡ್ರೈವರ್‌ನ ಹಂಗಿಲ್ಲದ ಹಳೆಯ ತಂತ್ರಾಂಶವಾದರೆ, ಹೊಸ ಗಣಕದೊಳಗೆ ಒಂದು ಹುಸಿ ಗಣಕವನ್ನು ಸೃಷ್ಟಿಸಿ ಹಳೆಯ ವ್ಯವಸ್ಥೆಯನ್ನು ಅದರಲ್ಲಿ ನಡೆಸಬಹುದು.

ಲಿನಕ್ಸ್ ಜಗತ್ತಿನಲ್ಲಿ ಇದಕ್ಕಿಂತ ಹಗುರವಾದ ಉಪಾಯ ಕಂಟೇನರ್. ತಂತ್ರಾಂಶ, ಅದಕ್ಕೆ ಬೇಕಾದ ಲೈಬ್ರರಿಗಳು, ಭಾಷೆಯ ಆವೃತ್ತಿ ಎಲ್ಲವನ್ನೂ ಒಂದೇ ಬುತ್ತಿಯಲ್ಲಿ ಕಟ್ಟಿಡುವ ವಿಧಾನವಿದು. 2013ರಲ್ಲಿ ಬಂದ ಡಾಕರ್ ಇದನ್ನು ಜನಪ್ರಿಯಗೊಳಿಸಿತು. ಹಲವರು ಹಂಚಿಕೊಂಡು ಬಳಸುವ ಸೂಪರ್ ಕಂಪ್ಯೂಟರ್‌ಗಳಿಗೆಂದು ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದಲ್ಲಿ ಸಿಂಗ್ಯುಲಾರಿಟಿ ರೂಪುಗೊಂಡಿತು. ಅದರ ಮುಕ್ತ ಆವೃತ್ತಿಗೆ 2021ರಿಂದ ಆಪ್‌ಟೇನರ್ ಎಂಬ ಹೆಸರಿದೆ. ಉಬುಂಟು 18.04ರ ಬುತ್ತಿಯನ್ನು ಆಲ್ಮಾ 9ರ ಮನೆಯಲ್ಲಿ ಬಿಚ್ಚಿ ಉಣ್ಣಲು ಇವು ಅವಕಾಶ ಕೊಡುತ್ತವೆ. ಆದರೆ ಕಂಟೇನರ್ ಸರ್ವರೋಗಕ್ಕೂ ಮದ್ದಲ್ಲ. ಅದು ಹೊರಗಿನ ವ್ಯವಸ್ಥೆಯ ತಿರುಳಾದ ಕರ್ನಲ್ ಅನ್ನೇ ಹಂಚಿಕೊಳ್ಳುತ್ತದೆ. ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಡ್ರೈವರ್‌ಗಳ ತೊಡಕು ಬುತ್ತಿ ಕಟ್ಟಿದ ಮಾತ್ರಕ್ಕೆ ಬಗೆಹರಿಯುವುದಿಲ್ಲ.

ಸೂಪರ್ ಕಂಪ್ಯೂಟರ್ ಬಳಸುವವರಿಗೆ

ಸ್ವಂತ ಗಣಕದ ವಿಷಯದಲ್ಲಿ ಆಯ್ಕೆ ಬಳಕೆದಾರರ ಕೈಯಲ್ಲಿದೆ. ಸೂಪರ್ ಕಂಪ್ಯೂಟರ್‌ನ ವಿಷಯ ಬೇರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಸ್ಥಾಪನೆಯಾದ 3.3 ಪೆಟಾಫ್ಲಾಪ್ಸ್ ಸಾಮರ್ಥ್ಯದ ಪರಮ್ ಪ್ರವೇಗವಾಗಲಿ, ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಪರಮ್ ಯುಕ್ತಿಯಾಗಲಿ, ಕಾರ್ಯಾಚರಣ ವ್ಯವಸ್ಥೆಯನ್ನು ನಿರ್ಧರಿಸುವುದು ಅದರ ನಿರ್ವಾಹಕರು. ನೂರಾರು ಮಂದಿ ಹಂಚಿಕೊಂಡ ಯಂತ್ರದಲ್ಲಿ ಒಬ್ಬರಿಗಾಗಿ ಅದನ್ನು ಬದಲಿಸುವುದು ಆಗದ ಮಾತು. ಜಗತ್ತಿನ 500 ಅತಿ ವೇಗದ ಸೂಪರ್ ಕಂಪ್ಯೂಟರ್‌ಗಳ ಪಟ್ಟಿಯಲ್ಲಿ 2017ರ ನವೆಂಬರ್‌ನಿಂದ ಲಿನಕ್ಸ್ ಅಲ್ಲದೆ ಬೇರೆ ವ್ಯವಸ್ಥೆಯೇ ಇಲ್ಲ.

ಆದ್ದರಿಂದ ಮುಂದೆ ಇಂಥ ಯಂತ್ರದಲ್ಲಿ ಲೆಕ್ಕ ಓಡಿಸಲಿರುವ ವಿದ್ಯಾರ್ಥಿ ತನ್ನ ಲ್ಯಾಪ್‌ಟಾಪ್‌ಗೆ ವ್ಯವಸ್ಥೆ ಆರಿಸುವಾಗಲೇ ಅಲ್ಲಿ ಯಾವ ಲಿನಕ್ಸ್ ಇದೆ, ಅದರ ಗ್ಲಿಬ್‌ಸಿ ಎಷ್ಟನೆಯದು ಎಂದು ವಿಚಾರಿಸಿಕೊಳ್ಳುವುದು ಒಳಿತು. ಅದೇ ಕುಟುಂಬದ ಆವೃತ್ತಿಯನ್ನು ಇಲ್ಲಿಯೂ ಇಟ್ಟುಕೊಂಡರೆ ಮನೆಯಲ್ಲಿ ಸಿದ್ಧಪಡಿಸಿದ ಕ್ರಮವಿಧಿ ಅಲ್ಲಿ ತಕರಾರು ತೆಗೆಯುವ ಸಂಭವ ಕಡಿಮೆ. ವಿಂಡೋಸ್ ಬಿಡಲಾಗದವರು ಅದರೊಳಗೇ ಲಿನಕ್ಸ್ ನಡೆಸುವ ಡಬ್ಲ್ಯುಎಸ್ಎಲ್ ಸೌಲಭ್ಯವನ್ನು ಬಳಸಿಕೊಳ್ಳಬಹುದು.

ನಡುಹೊಳೆಯಲ್ಲಿ ದೋಣಿ ಬದಲಿಸಬಾರದು

ಇಷ್ಟೆಲ್ಲ ನೋಡಿ ಆರಿಸಿದ ಮೇಲೆ ಪಾಲಿಸಬೇಕಾದ ನಿಯಮಗಳು ಎರಡೇ. ಒಂದು, ಅಧ್ಯಯನದ ನಡುವೆ ಆವೃತ್ತಿ ಬದಲಿಸಬಾರದು. ಭದ್ರತಾ ತಿದ್ದುಪಡಿಗಳನ್ನು ಹಾಕಿಕೊಳ್ಳುತ್ತಿರಬೇಕು, 22.04ರಿಂದ 24.04ಕ್ಕೆ ಹಾರುವಂತಹ ದೊಡ್ಡ ಜಿಗಿತಗಳನ್ನು ಒಂದು ಅಧ್ಯಯನ ಮುಗಿದು ಇನ್ನೊಂದು ಶುರುವಾಗುವ ಸಂಧಿಯಲ್ಲಿ ಮಾಡಬೇಕು. ಬದಲಿಸಲೇಬೇಕಾಗಿ ಬಂದರೆ ಹಿಂದಿನ ಲೆಕ್ಕಗಳನ್ನೂ ಹೊಸದರಲ್ಲಿ ಮೊದಲಿನಿಂದ ಮಾಡಬೇಕು. ಮಾಸ್ಟ್ರಿಕ್ಟ್‌ನ ಸಂಶೋಧಕರು 2012ರಲ್ಲಿ ನೀಡಿದ ಸಲಹೆಯೂ ಇದೇ.

ಎರಡು, ಬರೆದಿಡಬೇಕು. ಯಾವ ರಾಸಾಯನಿಕ, ಯಾವ ಕಂಪನಿಯದು, ಎಷ್ಟು ಶುದ್ಧ ಎಂದು ಪ್ರಯೋಗಾಲಯದ ಪುಸ್ತಕದಲ್ಲಿ ನಮೂದಿಸುವಂತೆಯೇ ತಂತ್ರಾಂಶದ ಆವೃತ್ತಿ, ಕಾರ್ಯಾಚರಣ ವ್ಯವಸ್ಥೆಯ ಆವೃತ್ತಿ, ಪ್ರೊಸೆಸರ್‌ನ ಮಾದರಿಯನ್ನೂ ನಮೂದಿಸಬೇಕು. ಅದಕ್ಕೆ ತಗಲುವುದು ಎರಡು ಸಾಲು. ಹವಾಯಿಯಲ್ಲಿ ಒಗಟು ಬಿಡಿಸಲು ಸಾಧ್ಯವಾದದ್ದು ಯಾವ ಗಣಕದಲ್ಲಿ ಯಾವ ವ್ಯವಸ್ಥೆ ಇತ್ತು ಎಂಬುದು ಗೊತ್ತಿದ್ದುದರಿಂದ. ಆ ಎರಡು ಸಾಲು ಇಲ್ಲದ ಪ್ರಬಂಧವೊಂದರಲ್ಲಿ 172.4 ಎಂದು ಅಚ್ಚಾಗಿದ್ದರೆ, ಅದು ಅಣುವಿನ ಗುಣವೋ ಗಣಕದ ಗುಣವೋ ಎಂದು ಹತ್ತು ವರ್ಷಗಳ ನಂತರ ಓದುವವರಿಗೆ ತಿಳಿಯುವ ದಾರಿಯೇ ಇರುವುದಿಲ್ಲ.